ಕಲ್ಲು ಕೊರೆಯಲು ಎಷ್ಟು ಬಲ, ಎಷ್ಟು ಎಚ್‌ಪಿ? ಮೋಟಾರು ಕೊಳ್ಳುವ ಮೊದಲು ಹಾಕಬೇಕಾದ ಲೆಕ್ಕ

"ಸರ್, ಕಲ್ಲು ಭಾಳ ಗಟ್ಟಿ ಐತ್ರಿ. ಎಷ್ಟು ಎಚ್‌ಪಿ ಹಾಕ್ಬೇಕ್ರಿ?"

ಹುಬ್ಬಳ್ಳಿ, ಗದಗ, ಹಾವೇರಿ ಕಡೆಯಿಂದ ನನಗೆ ಬರುವ ಫೋನುಗಳು ಹೆಚ್ಚಾಗಿ ಹೀಗೇ ಶುರುವಾಗುತ್ತವೆ. ಕೇಬಲ್ ಅಥವಾ ಪೈಪಿಗೆ ಕಾಲುವೆ ಕೊರೆಯುವ ಯಂತ್ರ ಮಾಡಿಸಿರುತ್ತಾರೆ. ಗರಸಿನಲ್ಲಿ ಅದು ಚೆನ್ನಾಗಿ ಓಡಿರುತ್ತದೆ, ಕಲ್ಲು ಬಂದ ಕೂಡಲೇ ನಿಂತಿರುತ್ತದೆ. ಇನ್ನೂ ದೊಡ್ಡ ಮೋಟಾರು ಹಾಕುತ್ತಾರೆ. ಆಗ ಗೇರ್‌ಬಾಕ್ಸ್ ಒಡೆಯುತ್ತದೆ.

ಕಲ್ಲಿನ ಗಟ್ಟಿತನ ನೋಡಿ ನೇರವಾಗಿ ಎಚ್‌ಪಿ ಹೇಳಲು ಬರುವುದಿಲ್ಲ. ನಡುವೆ ಚಕ್ಕೆ ಇದೆ. ಅದೇ ಕಲ್ಲನ್ನು ದೊಡ್ಡ ಚಕ್ಕೆಯಾಗಿ ಎಬ್ಬಿಸಿದರೆ ಕಡಿಮೆ ಶಕ್ತಿ ಸಾಕು, ಹಿಟ್ಟು ಮಾಡಿದರೆ ನೂರಾರು ಪಟ್ಟು ಬೇಕು. ಹಾಗಾಗಿ ಲೆಕ್ಕದ ಸಾಲು ಹೀಗೆ: ಮೊದಲು ಕಲ್ಲು, ಆಮೇಲೆ ಚಕ್ಕೆ, ಆಮೇಲೆ ಕಲ್ಲು ಕಚ್ಚುವ ಹಲ್ಲು, ಅಂದರೆ ಒಂದು ಪಿಕ್‌ನ ಬಲ, ಆಮೇಲೆ ಟಾರ್ಕ್ (ಚಕ್ರ ತಿರುಗಿಸುವ ಬಲ), ಕೊನೆಗೆ ಮೋಟಾರು. ಸಾಲು ತಪ್ಪಿಸಿದವರೇ ಮತ್ತೆ ಫೋನ್ ಮಾಡುತ್ತಾರೆ.

ಕೆಳಗೆ ಒಂದೇ ಉದಾಹರಣೆಯನ್ನು ಕೊನೆವರೆಗೂ ಎಳೆದುಕೊಂಡು ಹೋಗಿದ್ದೇನೆ. ಕಾಲುವೆ 200 ಮಿ.ಮೀ. ಅಗಲ, 400 ಮಿ.ಮೀ. ಆಳ. ಗಂಟೆಗೆ 10 ಮೀಟರ್ ಸಾಗಬೇಕು. ಟ್ರ್ಯಾಕ್ಟರ್ ಹಿಂದೆ ಕಟ್ಟಿದ 1.2 ಮೀಟರ್ ವ್ಯಾಸದ ಚಕ್ರ, ಅದರ ಅಂಚಿಗೆ ಮೊನಚು ತುದಿಯ ಪಿಕ್‌ಗಳು.

## ಮೊದಲು ಕೈಯಲ್ಲಿ ಇರಬೇಕಾದವು

ಸುತ್ತಿಗೆ, ಟೇಪು, ವರ್ನಿಯರ್, ಸ್ಟಾಪ್‌ವಾಚ್, ಮಾರ್ಕರ್, ಗಟ್ಟಿ ಪ್ಲಾಸ್ಟಿಕ್ ಚೀಲ. ಕರೆಂಟ್ ಮೋಟಾರಾದರೆ ಕಿಲೋವ್ಯಾಟ್ ತೋರಿಸುವ ಪವರ್ ಮೀಟರ್. ಹೈಡ್ರಾಲಿಕ್ ಆದರೆ ಒಂದು ಒಳ್ಳೆಯ ಪ್ರೆಶರ್ ಗೇಜ್. ಸೈನ್, ಕೋಸೈನ್ ಇರುವ ಕ್ಯಾಲ್ಕುಲೇಟರ್ ಫೋನಿನಲ್ಲೇ ಇದೆ. ಕಲ್ಲು ಒಡೆದು ನೋಡುವ ಯಂತ್ರ ನಿಮ್ಮಲ್ಲಿ ಇರಬೇಕಿಲ್ಲ. ಹತ್ತಿರದ ಸಿವಿಲ್ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬ್‌ನಲ್ಲಿ ವಿಚಾರಿಸಿ.

## ಹಂತ 1: ಕಲ್ಲನ್ನು ಅಳೆಯಿರಿ, ಹೆಸರನ್ನು ನಂಬಬೇಡಿ

ನಮ್ಮ ಭಾಗದಲ್ಲಿ ಮೇಲೆ ಎರೆ ಮಣ್ಣು, ಕೆಳಗೆ ಗರಸು, ಅದರ ಕೆಳಗೆ ಕೊಳೆತ ಕಲ್ಲು, ಆಮೇಲೆ ಹಸಿ ಕಲ್ಲು, ಅಂದರೆ ಕೊಳೆಯದ ಗಟ್ಟಿ ಕಲ್ಲು. ಹುಬ್ಬಳ್ಳಿ-ಧಾರವಾಡದ ಸುತ್ತ ಶಿಸ್ಟ್ (ಪದರು ಕಲ್ಲು) ಮತ್ತು ಗ್ರೇವ್ಯಾಕ್ (ಒಂದು ಬಗೆಯ ಗಟ್ಟಿ ಮರಳುಗಲ್ಲು) ಸಿಗುತ್ತವೆ. ಗದಗದ ಕಪ್ಪತಗುಡ್ಡದ ಸಾಲಿನಲ್ಲಿ ಕಬ್ಬಿಣದ ಪಟ್ಟಿ ಇರುವ ಕಲ್ಲು, ಬಿಳಿ ಕ್ವಾರ್ಟ್ಜ್ ಗೆರೆಗಳೂ ಬರುತ್ತವೆ. ಗಜೇಂದ್ರಗಡದ ಕಡೆ ಹೋದರೆ ಮರಳುಗಲ್ಲು. ಶಿಸ್ಟ್ ಅಂದ ಮಾತ್ರಕ್ಕೆ ಎಲ್ಲ ಒಂದೇ ಅಲ್ಲ. ಲಕ್ಕುಂಡಿ ಗುಡಿಗಳಲ್ಲಿ ಉಳಿ ಆಡಿದ ಬಳಪದ ಕಲ್ಲೂ ಶಿಸ್ಟೇ. ಸುತ್ತಿಗೆ ಹೊಡೆದರೆ ಕಿಡಿ ಹಾರುವ ಕಲ್ಲನ್ನೂ ಜನ ಶಿಸ್ಟ್ ಎಂದೇ ಕರೆಯುತ್ತಾರೆ.

ನಿಮಗೆ ಬೇಕಾದ ಅಂಕಿ ಎರಡು: ಒತ್ತಿದರೆ ಕಲ್ಲು ಎಷ್ಟಕ್ಕೆ ಒಡೆಯುತ್ತದೆ, ಎಳೆದರೆ ಎಷ್ಟಕ್ಕೆ ಸೀಳುತ್ತದೆ. ಪಿಕ್ ಕಲ್ಲನ್ನು ಸೀಳಿ ಎಬ್ಬಿಸುವುದರಿಂದ ಎರಡನೆಯದೇ ಮುಖ್ಯ. ಜನ ಮೊದಲನೆಯದನ್ನು ಮಾತ್ರ ಕೇಳಿಕೊಂಡು ಬರುತ್ತಾರೆ.

ಒತ್ತುಶಕ್ತಿಗೆ ಅಗ್ಗದ ದಾರಿ ಪಾಯಿಂಟ್ ಲೋಡ್ ಪರೀಕ್ಷೆ. 50 ಮಿ.ಮೀ. ವ್ಯಾಸದ ಕೋರ್ ತುಂಡನ್ನು (ಕಲ್ಲಿನಿಂದ ಕೊರೆದು ತೆಗೆದ ದುಂಡು ಕಂಬದಂಥ ತುಂಡು) ಎರಡು ಮೊನೆಗಳ ನಡುವೆ ಇಟ್ಟು ಒಡೆಯುತ್ತಾರೆ. ಒಡೆದಾಗಿನ ಬಲವನ್ನು ವ್ಯಾಸದ ವರ್ಗದಿಂದ ಭಾಗಿಸಬೇಕು. 8,400 ನ್ಯೂಟನ್‌ಗೆ ಒಡೆದರೆ 8,400 ÷ 2,500 = 3.36. ಇದನ್ನು 20ರಿಂದ 25ರೊಳಗಿನ ಒಂದು ಅಂಕಿಯಿಂದ ಗುಣಿಸುವುದು ವಾಡಿಕೆ. 24 ಹಿಡಿದರೆ ಸುಮಾರು 80 ಎಂಪಿಎ (ಮೆಗಾಪ್ಯಾಸ್ಕಲ್, ಅಂದರೆ ಚದರ ಮಿಲಿಮೀಟರ್‌ಗೆ ಇಷ್ಟು ನ್ಯೂಟನ್).

ಸೀಳುಶಕ್ತಿಗೆ ಬ್ರೆಜಿಲಿಯನ್ ಪರೀಕ್ಷೆ. ಬಿಲ್ಲೆಯಂತೆ ಕತ್ತರಿಸಿದ ಕೋರನ್ನು ನಿಲ್ಲಿಸಿ ಒತ್ತಿದರೆ ಅದು ನಡುವೆ ಸೀಳುತ್ತದೆ. ಸೂತ್ರ: 2 × ಬಲ ÷ (3.14 × ವ್ಯಾಸ × ದಪ್ಪ). 54 ಮಿ.ಮೀ. ವ್ಯಾಸ, 27 ಮಿ.ಮೀ. ದಪ್ಪದ ಬಿಲ್ಲೆ 18,300 ನ್ಯೂಟನ್‌ಗೆ ಸೀಳಿದರೆ 8 ಎಂಪಿಎ. ಎಷ್ಟೋ ಕಲ್ಲುಗಳಲ್ಲಿ ಇದು ಒತ್ತುಶಕ್ತಿಯ ಹತ್ತನೇ ಒಂದು ಭಾಗದ ಆಸುಪಾಸು ಬರುತ್ತದೆ. ಆದರೆ ಹತ್ತರಿಂದ ಭಾಗಿಸಿ ಸುಮ್ನೆ ಮುಂದೆ ಹೋಗಬೇಡಿ. ಯಾಕೆ ಅಂತ ಹಂತ 3ರಲ್ಲಿ ಗೊತ್ತಾಗುತ್ತದೆ.

ಇಲ್ಲಿ ಆಗುವ ತಪ್ಪುಗಳಲ್ಲಿ ಒಂದನ್ನು ನಾನೇ ಮಾಡಿದ್ದೇನೆ. ಹಾವೇರಿ ಕಡೆಯ ಒಂದು ಕೆಲಸಕ್ಕೆ ಹೊಲದ ಬದುವಿನ ಮೇಲೆ ಬಿದ್ದಿದ್ದ ಕಲ್ಲನ್ನೇ ಚೀಲಕ್ಕೆ ಹಾಕಿಕೊಂಡು ಬಂದೆ. ಹೊರಗೆ ಕಂದು ಬಣ್ಣ, ಒಡೆದರೆ ಒಳಗೂ ಕಂದು. ಲ್ಯಾಬ್ ಕೊಟ್ಟ ಅಂಕಿ ನೋಡಿ ಖುಷಿಯಾಯಿತು. ಚಕ್ರ ಎರಡು ಅಡಿ ಇಳಿಯುವ ಹೊತ್ತಿಗೆ ಬಣ್ಣ ನೀಲಿ-ಬೂದಿಗೆ ತಿರುಗಿತು, ಶಬ್ದವೂ ಬದಲಾಯಿತು. ಅರ್ಧ ದಿನದಲ್ಲಿ ಪಿಕ್‌ಗಳೆಲ್ಲ ಬೋಳಾದವು. ಅಂದಿನಿಂದ ಕಾಲುವೆಯ ಪೂರ್ತಿ ಆಳಕ್ಕೆ ಒಂದು ಗುಂಡಿ ತೆಗೆಸದೆ ನಾನು ಮಾದರಿ ತರುವುದಿಲ್ಲ.

ಶಿಸ್ಟ್‌ನಲ್ಲಿ ಪದರ ಇರುತ್ತದೆ. ಪದರದ ಗುಂಟ ಸುಲಭವಾಗಿ ಸೀಳುತ್ತದೆ, ಅಡ್ಡಕ್ಕೆ ಸೀಳುವುದು ಕಷ್ಟ. ಎರಡೂ ದಿಕ್ಕಿನಲ್ಲಿ ಪರೀಕ್ಷೆ ಮಾಡಿಸಿ, ಹೆಚ್ಚಿನ ಅಂಕಿಯನ್ನೇ ಹಿಡಿಯಿರಿ. ಕಲ್ಲು ಎದ್ದ ಕೂಡಲೇ ಚೀಲದಲ್ಲಿ ಕಟ್ಟಿ, ಯಾಕಂದರೆ ಒಣಗಿದ ಮಾದರಿ ಒದ್ದೆ ಕಲ್ಲಿಗಿಂತ ಗಟ್ಟಿ ಬರುತ್ತದೆ. ಒಂದೇ ತುಂಡು ಒಡೆದು ಸಾಕು ಅನ್ನಬೇಡಿ, ಐದಾರಾದರೂ ಇರಲಿ.

ಎಚ್ಚರಿಕೆ: 100 ಎಂಪಿಎ ದಾಟಿದ, ಕ್ವಾರ್ಟ್ಜ್ ತುಂಬಿದ ಕಲ್ಲಿಗೆ ಪಿಕ್ ಚಕ್ರ ಹಾಕುವ ಆಸೆ ಬಿಡಿ. ಚಕ್ರ ಓಡುತ್ತದೆ, ಆದರೆ ಪಿಕ್ ಖರೀದಿಯಲ್ಲೇ ಲಾಭ ಹೋಗುತ್ತದೆ. ಅಲ್ಲಿ ಕಲ್ಲನ್ನು ಕುಟ್ಟಿ ಒಡೆಯುವ ಬ್ರೇಕರ್ ಹಾಕಿಸುವುದೇ ಮೇಲು.

## ಹಂತ 2: ಚಕ್ಕೆಯ ಅಳತೆ ತೀರ್ಮಾನಿಸಿ

ಎರಡು ಅಳತೆ ನಿಮ್ಮ ಕೈಯಲ್ಲಿದೆ. ಒಂದು, ಪಿಕ್ ಒಂದು ಸಲಕ್ಕೆ ಎಷ್ಟು ಆಳ ಕಚ್ಚುತ್ತದೆ. ಎರಡು, ಪಕ್ಕದ ಪಿಕ್‌ನ ಗೆರೆ ಎಷ್ಟು ದೂರ ಇದೆ.

ಗೆರೆಗಳು ತೀರಾ ಹತ್ತಿರ ಇದ್ದರೆ ನಡುವಿನ ಕಲ್ಲು ಹಿಟ್ಟಾಗುತ್ತದೆ. ತೀರಾ ದೂರ ಇದ್ದರೆ ಎರಡು ಗೆರೆಗಳ ನಡುವೆ ಕಲ್ಲಿನ ದಿಂಡು ಹಾಗೇ ಉಳಿಯುತ್ತದೆ. ಆಮೇಲೆ ಪಿಕ್ ಹೋಲ್ಡರೇ ಅದಕ್ಕೆ ಉಜ್ಜುತ್ತದೆ. ಪಿಕ್‌ಗೆ ಕಚ್ಚಿದ ಆಳದ ಎರಡರಿಂದ ಮೂರು ಪಟ್ಟು ದೂರ ಇಡುವುದು ಒಳ್ಳೆಯ ಆರಂಭ. ನಮ್ಮ ಉದಾಹರಣೆಯಲ್ಲಿ ಕಚ್ಚು 10 ಮಿ.ಮೀ., ಗೆರೆಗಳ ದೂರ 25 ಮಿ.ಮೀ. ಹಾಗಾದರೆ 200 ಮಿ.ಮೀ. ಅಗಲಕ್ಕೆ 8 ಗೆರೆ. ಗೆರೆಗೆ ಎರಡು ಪಿಕ್, ಒಟ್ಟು 16.

ಈಗ ಚಕ್ರದ ವೇಗ. ಗಂಟೆಗೆ 10 ಮೀಟರ್ ಅಂದರೆ ನಿಮಿಷಕ್ಕೆ 167 ಮಿ.ಮೀ. ಗೆರೆಗೆ ಎರಡು ಪಿಕ್, ಒಂದೊಂದು 10 ಮಿ.ಮೀ. ಕಚ್ಚಿದರೆ ಒಂದು ಸುತ್ತಿಗೆ 20 ಮಿ.ಮೀ. ಆಯಿತು. 167 ÷ 20 = ನಿಮಿಷಕ್ಕೆ 8.35 ಸುತ್ತು.

"ಇಷ್ಟು ನಿಧಾನಾನಾ?" ಅಂತ ಎಲ್ಲರೂ ಕೇಳುತ್ತಾರೆ. ಹೌದು, ಇಷ್ಟೇ. ಜೋರಾಗಿ ತಿರುಗಿದರೆ ಜೋರಾಗಿ ಕೊರೆಯುತ್ತದೆ ಅಂದುಕೊಂಡು 60 ಸುತ್ತಿಗೆ ಏರಿಸಿದವರನ್ನು ನೋಡಿದ್ದೇನೆ. ಟ್ರ್ಯಾಕ್ಟರ್ ಸಾಗುವ ವೇಗ ಅಷ್ಟೇ ಇದ್ದರೆ ಆಗ ಪಿಕ್ ಕಚ್ಚುವುದು 1.4 ಮಿ.ಮೀ. ಮಾತ್ರ. ಅದು ಕೊರೆಯುವುದಲ್ಲ, ಉಜ್ಜುವುದು. ಧೂಳು ಏಳುತ್ತದೆ, ತುದಿ ಕಾಯುತ್ತದೆ, ಡೀಸೆಲ್ ಸುಡುತ್ತದೆ.

## ಹಂತ 3: ಒಂದು ಪಿಕ್ ಮೇಲೆ ಬರುವ ಬಲ

ಮೊನಚು ಪಿಕ್‌ಗೆ ಇವಾನ್ಸ್ ಎಂಬ ಸಂಶೋಧಕರ ಸೂತ್ರ ಬಳಸಬಹುದು. ಹಾಳೆಯ ಮೇಲೆ ಹೀಗೆ ಬರೆದುಕೊಳ್ಳಿ (ಕಚ್ಚು ಮಿ.ಮೀ., ಎರಡೂ ಶಕ್ತಿ ಎಂಪಿಎ, ಉತ್ತರ ನ್ಯೂಟನ್):

ಗರಿಷ್ಠ ಕೊರೆಯುವ ಬಲ = 50.3 × ಕಚ್ಚಿನ ವರ್ಗ × ಸೀಳುಶಕ್ತಿಯ ವರ್ಗ ÷ (ಕೋಸೈನ್ ವರ್ಗ × ಒತ್ತುಶಕ್ತಿ)

ಕೋಸೈನ್ ತೆಗೆಯಬೇಕಾದ್ದು ಪಿಕ್ ತುದಿಯ ಕೋನದ ಅರ್ಧಕ್ಕೆ. ತುದಿ 80 ಡಿಗ್ರಿ ಇದ್ದರೆ 40 ಡಿಗ್ರಿಯ ಕೋಸೈನ್, ಅಂದರೆ 0.766. ಅದರ ವರ್ಗ 0.587. ಪೂರ್ತಿ 80 ಡಿಗ್ರಿಯ ಕೋಸೈನ್ ಹಾಕಿ ಬಲ ಇಪ್ಪತ್ತು ಪಟ್ಟು ಬಂತು ಅಂತ ಹೆದರಿದವರೂ ಇದ್ದಾರೆ.

ಅಂಕಿ ಹಾಕೋಣ: 50.3 × 100 × 64 ÷ (0.587 × 80) = ಸುಮಾರು 6,860 ನ್ಯೂಟನ್.

ಸೀಳುಶಕ್ತಿ ಇಲ್ಲಿ ವರ್ಗದಲ್ಲಿ ಕೂತಿದೆ ನೋಡಿ. 8ರ ಬದಲು 10 ಎಂದು ಅಂದಾಜು ಹೊಡೆದರೆ ಬಲ 56 ಶೇಕಡಾ ಏರುತ್ತದೆ. ಹತ್ತರಿಂದ ಭಾಗಿಸಿ ಬಿಡಬೇಡಿ ಎಂದಿದ್ದು ಇದಕ್ಕೇ.

ಈ ಸೂತ್ರ ಪಿಕ್ ಹೊಸದು, ಚೂಪು ಅಂದುಕೊಂಡು ಹೇಳುತ್ತದೆ. ಸೈಟ್‌ನಲ್ಲಿ ಬಲ ಇದಕ್ಕಿಂತ ಜಾಸ್ತಿಯೇ ಬರುತ್ತದೆ. ನಾನು ಎರಡರಿಂದ ಗುಣಿಸಿ ಮುಂದೆ ಹೋಗುತ್ತೇನೆ: 14,000 ನ್ಯೂಟನ್, ಅಂದರೆ 14 ಕಿಲೋನ್ಯೂಟನ್. ಹೆಬ್ಬೆರಳಿನ ಗಾತ್ರದ ತುದಿಯ ಮೇಲೆ ಒಂದು ಕಾರಿನ ಭಾರ. ಹೋಲ್ಡರ್ ವೆಲ್ಡಿಂಗ್ ಮಾಡುವಾಗ ಈ ಚಿತ್ರ ಕಣ್ಣ ಮುಂದೆ ಇರಲಿ.

14 ಎಂಬುದು ಚಕ್ಕೆ ಸಿಡಿಯುವ ಆ ಕ್ಷಣದ್ದು. ಚಕ್ಕೆ ಸಿಡಿದ ಕೂಡಲೇ ಬಲ ಬಿದ್ದುಬಿಡುತ್ತದೆ, ಮತ್ತೆ ಏರುತ್ತದೆ. ಸರಾಸರಿ ಬಲ ಗರಿಷ್ಠದ ಅರ್ಧದಿಂದ ಮೂರನೇ ಒಂದು ಭಾಗದೊಳಗೆ ಇರುತ್ತದೆ. 2.5ರಿಂದ ಭಾಗಿಸೋಣ: 5.6 ಕಿಲೋನ್ಯೂಟನ್. ಮೋಟಾರಿಗೆ ಸರಾಸರಿ, ಗೇರ್‌ಬಾಕ್ಸ್ ಮತ್ತು ಶಾಫ್ಟಿಗೆ ಗರಿಷ್ಠ. ಇವೆರಡನ್ನು ಅದಲು ಬದಲು ಮಾಡಿದರೆ ಮೋಟಾರು ದೊಡ್ಡದಾಗುತ್ತದೆ, ಶಾಫ್ಟ್ ತೆಳ್ಳಗಾಗುತ್ತದೆ.

## ಹಂತ 4: ಒಂದು ಘನ ಮೀಟರ್‌ಗೆ ಎಷ್ಟು ಯೂನಿಟ್?

ಸರಾಸರಿ ಬಲವನ್ನು ಚಕ್ಕೆಯ ಅಡ್ಡಕೊಯ್ತದಿಂದ ಭಾಗಿಸಿ. 5,600 ÷ (10 × 25) = 22.4. ಇದು ಚದರ ಮಿಲಿಮೀಟರ್‌ಗೆ ನ್ಯೂಟನ್. ಅದೇ ಅಂಕಿ ಘನ ಮೀಟರ್‌ಗೆ ಮೆಗಾಜೂಲ್ ಕೂಡ. ಏನೂ ಬದಲಿಸಬೇಕಿಲ್ಲ.

ಕರೆಂಟ್ ಬಿಲ್‌ನ ಒಂದು ಯೂನಿಟ್ ಅಂದರೆ 3.6 ಮೆಗಾಜೂಲ್. ಹಾಗಾಗಿ 22.4 ÷ 3.6 = ಘನ ಮೀಟರ್‌ಗೆ 6.2 ಯೂನಿಟ್. ನಮ್ಮ ಕಾಲುವೆ ಗಂಟೆಗೆ 0.2 × 0.4 × 10 = 0.8 ಘನ ಮೀಟರ್ ಕಲ್ಲು ತೆಗೆಯುತ್ತದೆ. 6.2 × 0.8 = ಸುಮಾರು 5 ಕಿಲೋವ್ಯಾಟ್.

ಇಲ್ಲಿಗೆ ನಿಲ್ಲಿಸಿ "ಏಳು ಎಚ್‌ಪಿ ಸಾಕು" ಅನ್ನಬೇಡಿ. ಇದು ಎಲ್ಲ ಚಕ್ಕೆಗಳೂ ಚೆನ್ನಾಗಿ ಎದ್ದರೆ ಬೇಕಾಗುವ ಕನಿಷ್ಠ.

## ಹಂತ 5: ಟಾರ್ಕ್, ಆಮೇಲೆ ಎಚ್‌ಪಿ

ಒಂದು ಹೊತ್ತಿಗೆ ಎಷ್ಟು ಪಿಕ್ ಕಲ್ಲಿನಲ್ಲಿ ಇರುತ್ತವೆ? ಚಕ್ರದ ತ್ರಿಜ್ಯ 0.6 ಮೀಟರ್, ಮುಳುಗಿದ್ದು 0.4 ಮೀಟರ್. ತಳದಿಂದ ಮೇಲಿನ ಅಂಚಿನವರೆಗೆ 70.5 ಡಿಗ್ರಿ. 360ಕ್ಕೆ 16 ಪಿಕ್ ಇದ್ದರೆ 70.5ಕ್ಕೆ ಸುಮಾರು 3.

ಟಾರ್ಕ್ = 3 × 5,600 × 0.6 = 10,080 ನ್ಯೂಟನ್ ಮೀಟರ್.

ಕಿಲೋವ್ಯಾಟ್ = ಟಾರ್ಕ್ × ನಿಮಿಷಕ್ಕೆ ಸುತ್ತು ÷ 9,550 = 10,080 × 8.35 ÷ 9,550 = 8.8.

ಹಂತ 4ರಲ್ಲಿ 5 ಬಂದಿತ್ತು, ಇಲ್ಲಿ 8.8. ಲೆಕ್ಕ ತಪ್ಪಿಲ್ಲ. ಇಲ್ಲಿ ಮೂರೂ ಪಿಕ್ ಪೂರ್ತಿ 10 ಮಿ.ಮೀ. ಕಚ್ಚುತ್ತಿವೆ ಎಂದು ಹಿಡಿದಿದ್ದೇವೆ. ನಿಜದಲ್ಲಿ ಚಕ್ರದ ತಳದಲ್ಲಿ ಕಚ್ಚು ಸೊನ್ನೆ, ಮೇಲೆ ಹೋದಂತೆ ಏರುತ್ತದೆ. ಸರಾಸರಿ 5.4 ಮಿ.ಮೀ. ಮಾತ್ರ. ಆದರೆ ತೆಳು ಕಚ್ಚಿನಲ್ಲಿ ಹಿಟ್ಟು ಜಾಸ್ತಿ, ಶಕ್ತಿ ಪೋಲು. ಅದಕ್ಕೆ ಸತ್ಯ ಈ ಎರಡರ ನಡುವೆ ಇರುತ್ತದೆ. ದೊಡ್ಡದನ್ನು ಹಿಡಿಯಿರಿ. ಎರಡು ಉತ್ತರಗಳ ನಡುವೆ ಎರಡು ಪಟ್ಟಿಗಿಂತ ಜಾಸ್ತಿ ಅಂತರ ಬಂದರೆ ಎಲ್ಲೋ ಮಿಲಿಮೀಟರ್-ಮೀಟರ್ ಗೊಂದಲ ಆಗಿದೆ, ಹಿಂದೆ ಹೋಗಿ ನೋಡಿ.

ಹೈಡ್ರಾಲಿಕ್‌ನಲ್ಲಿ ದಾರಿಯಲ್ಲೇ ಸುಮಾರು 30 ಶೇಕಡಾ ಹೋಗುತ್ತದೆ: 8.8 ÷ 0.7 = 12.6. ಗಟ್ಟಿ ಗೆರೆ ಅಡ್ಡ ಬಂದಾಗ, ಪಿಕ್ ಮೊಂಡಾದಾಗ ಬೇಕಾದ ಮೀಸಲಿಗೆ ಒಂದೂವರೆ ಪಟ್ಟು: 19 ಕಿಲೋವ್ಯಾಟ್. 0.746ರಿಂದ ಭಾಗಿಸಿದರೆ 25 ಎಚ್‌ಪಿ. ಇದು ಪಿಟಿಒ ಶಾಫ್ಟ್ (ಟ್ರ್ಯಾಕ್ಟರ್ ಹಿಂದೆ ಕಟ್ಟಿದ ಯಂತ್ರ ತಿರುಗಿಸುವ ಶಾಫ್ಟ್) ಮೇಲೆ ಸಿಗಬೇಕಾದ್ದು. ಬಾನೆಟ್ ಮೇಲೆ ಬರೆದ ಎಚ್‌ಪಿ ಪೂರ್ತಿ ಅಲ್ಲಿಗೆ ಬರುವುದಿಲ್ಲ.

ಗೇರ್‌ಬಾಕ್ಸ್ ಆರಿಸುವಾಗ ಒಂದು ಪಿಕ್ ಗರಿಷ್ಠದಲ್ಲಿ, ಉಳಿದ ಎರಡು ಸರಾಸರಿಯಲ್ಲಿ ಇವೆ ಎಂದು ಹಿಡಿಯಿರಿ. (14 + 5.6 + 5.6) × 0.6 = ಸುಮಾರು 15 ಕಿಲೋನ್ಯೂಟನ್ ಮೀಟರ್. ಕ್ಯಾಟಲಾಗ್‌ನಲ್ಲಿ ಇದಕ್ಕಿಂತ ಕೆಳಗಿನದನ್ನು ಮುಟ್ಟಬೇಡಿ. ಪಿಟಿಒದಿಂದ ನೇರವಾಗಿ ಓಡಿಸುವವರು 540 ಸುತ್ತನ್ನು 8.35ಕ್ಕೆ ಇಳಿಸಬೇಕು, ಅಂದರೆ 65ಕ್ಕೆ 1. ಹಳೆ ಲಾರಿ ಡಿಫರೆನ್ಷಿಯಲ್ ಒಂದನ್ನೇ ಹಾಕಿ ಇಷ್ಟು ಇಳಿಸಲು ಆಗಲ್ಲ.

ಇನ್ನೊಂದು ವಿಷಯ ಕೊನೆ ಗಳಿಗೆವರೆಗೂ ಯಾರಿಗೂ ಹೊಳೆಯುವುದಿಲ್ಲ. ಮಾಮೂಲಿ ಟ್ರ್ಯಾಕ್ಟರ್ ಅತಿ ಕೆಳಗಿನ ಗೇರ್‌ನಲ್ಲೂ ಗಂಟೆಗೆ ಎರಡು ಕಿಲೋಮೀಟರ್ ಆಸುಪಾಸು ಸಾಗುತ್ತದೆ. ನಮಗೆ ಬೇಕಾದ್ದು ಗಂಟೆಗೆ 10 ಮೀಟರ್! ಕ್ಲಚ್ ಒತ್ತಿ ಬಿಟ್ಟು ಸಾಗಿಸುತ್ತೇನೆ ಅಂದವರ ಕ್ಲಚ್ ಪ್ಲೇಟ್ ವಾಸನೆ ನನಗೆ ಗೊತ್ತು. ತೆವಳುವಷ್ಟು ನಿಧಾನಕ್ಕೆ ಸಾಗಿಸುವ ಕ್ರೀಪರ್ ಗೇರ್ ಬೇಕು, ಇಲ್ಲವೇ ಹೈಡ್ರಾಲಿಕ್ ಸಿಲಿಂಡರ್‌ನಿಂದ ತಳ್ಳುವ ವ್ಯವಸ್ಥೆ ಬೇಕು.

## ಹಂತ 6: ಒತ್ತುವ ಬಲ ಇದೆಯಾ?

ಎಚ್‌ಪಿ ಸಾಕಷ್ಟಿದ್ದೂ ಯಂತ್ರ ಕೊರೆಯದಿದ್ದರೆ ಕಾರಣ ಬಹುತೇಕ ಇದೇ. ಪಿಕ್ ಅನ್ನು ತಿರುಗಿಸಿದರೆ ಸಾಲದು, ಕಲ್ಲಿನೊಳಗೆ ಒತ್ತಿ ಹಿಡಿಯಬೇಕು. ಹೊಸ ಪಿಕ್‌ಗೆ ಒತ್ತುವ ಬಲ ಹೆಚ್ಚುಕಡಿಮೆ ಕೊರೆಯುವ ಬಲದಷ್ಟೇ ಬೇಕು. ಮೊಂಡಾದರೆ ಎರಡು ಪಟ್ಟು ದಾಟುತ್ತದೆ.

ಮೂರು ಪಿಕ್‌ಗೆ 3 × 5.6 = ಸುಮಾರು 17 ಕಿಲೋನ್ಯೂಟನ್. ಟೈರಿನ ಹಿಡಿತ ಭಾರದ ಅರ್ಧ ಎಂದು ಹಿಡಿದರೂ 34 ಕಿಲೋನ್ಯೂಟನ್, ಅಂದರೆ ಮೂರೂವರೆ ಟನ್ ತೂಕ ಬೇಕು. ಎರಡು ಟನ್ ಟ್ರ್ಯಾಕ್ಟರ್ ಜಾರುತ್ತದೆ. ಮಳೆ ಬಿದ್ದ ಎರೆ ಹೊಲದಲ್ಲಂತೂ ಕೇಳಲೇಬೇಡಿ. ನವಲಗುಂದ ಕಡೆ ಜುಲೈನಲ್ಲಿ ಓಡಾಡಿದವರಿಗೆ ಚಪ್ಪಲಿಯೇ ಮಣ್ಣಲ್ಲಿ ಉಳಿಯುವುದು ಗೊತ್ತು. ಅಲ್ಲಿ ಟೈರ್ ಹಿಡಿತವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಮುಂದೆ ಗೂಟ ಹೂಡಿ ವಿಂಚ್‌ನಿಂದ ಎಳೆಯಿರಿ.

ಚಕ್ರ ತಿರುಗುವ ದಿಕ್ಕೂ ಇಲ್ಲೇ ಲೆಕ್ಕಕ್ಕೆ ಬರುತ್ತದೆ. ಪಿಕ್ ಕಾಲುವೆಯ ಮುಂಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ಕೊರೆದರೆ ಕಲ್ಲು ಯಂತ್ರವನ್ನು ಕೆಳಕ್ಕೆ ಎಳೆಯುತ್ತದೆ, ಹಿಂದಕ್ಕೂ ತಳ್ಳುತ್ತದೆ. ತೂಕ ಕೂರುತ್ತದೆ, ಆದರೆ ಮುಂದೆ ತಳ್ಳಲು 17ಕ್ಕಿಂತ ಜಾಸ್ತಿ ಬೇಕಾಗುತ್ತದೆ. ಮೇಲಿನಿಂದ ಕೆಳಕ್ಕೆ ಕೊರೆದರೆ ಯಂತ್ರ ತಾನೇ ಮುಂದೆ ನುಗ್ಗುತ್ತದೆ, ಹಿಂಭಾಗ ಎದ್ದು ಕುಣಿಯುತ್ತದೆ. ನುಗ್ಗಿದಾಗ ಕಚ್ಚು 10ರ ಬದಲು 30 ಆಗಿ ಪಿಕ್ ಮುರಿಯುತ್ತದೆ. ನನ್ನ ಆಯ್ಕೆ ಮೊದಲನೆಯದು.

## ಹಂತ 7: ಡೈಮಂಡ್ ಬ್ಲೇಡ್ ಆದರೆ ಲೆಕ್ಕ ಬೇರೆ

ಗ್ರಾನೈಟ್ ಅಂಗಡಿಯವರು ಇವಾನ್ಸ್ ಸೂತ್ರ ಮರೆತುಬಿಡಿ. ಬ್ಲೇಡ್ ಚಕ್ಕೆ ಎಬ್ಬಿಸುವುದಿಲ್ಲ, ಹಿಟ್ಟು ಮಾಡುತ್ತದೆ. ಇಲ್ಲಿ ಅಳೆದು ನೋಡುವುದೇ ದಾರಿ.

400 ಮಿ.ಮೀ. ಬ್ಲೇಡ್ ಅನ್ನು 1,440 ಸುತ್ತಿನ ಮೋಟಾರಿಗೆ ನೇರ ಹಾಕಿದರೆ ಅಂಚಿನ ವೇಗ ಸೆಕೆಂಡಿಗೆ 30 ಮೀಟರ್. ಗ್ರಾನೈಟಿಗೆ ಅದು ಸರಿ. ಖಾಲಿ ಓಡಿಸಿ ಕಿಲೋವ್ಯಾಟ್ ಬರೆದುಕೊಳ್ಳಿ, 1.6 ಅಂದುಕೊಳ್ಳೋಣ. ಕಲ್ಲು ಕೊಯ್ಯುವಾಗ 7.1 ತೋರಿಸಿತು. ವ್ಯತ್ಯಾಸ 5.5. ಸೀಳಿನ ಅಗಲ 5, ಆಳ 20, ನಿಮಿಷಕ್ಕೆ 600 ಮಿ.ಮೀ. ಸಾಗಿದರೆ ಸೆಕೆಂಡಿಗೆ 1,000 ಘನ ಮಿಲಿಮೀಟರ್ ಹಿಟ್ಟು. 5,500 ÷ 1,000 = ಘನ ಮಿಲಿಮೀಟರ್‌ಗೆ 5.5 ಜೂಲ್. ಘನ ಮೀಟರ್‌ಗೆ ತಿರುಗಿಸಿದರೆ 1,500 ಯೂನಿಟ್‌ಗೂ ಮೇಲೆ! ಪಿಕ್‌ಗೆ ಆರು ಯೂನಿಟ್ ಬಂದಿತ್ತು. ಕಲ್ಲು ಬೇರೆ, ನಿಜ, ಆದರೆ ಇಷ್ಟು ಅಂತರಕ್ಕೆ ದೊಡ್ಡ ಕಾರಣ ಹಿಟ್ಟು.

ಬಲ ಮಾತ್ರ ಚಿಕ್ಕದು: 5,500 ÷ 30 = 183 ನ್ಯೂಟನ್, ಸುಮಾರು ಹತ್ತೊಂಬತ್ತು ಕೆ.ಜಿ. ಭಾರದಷ್ಟು.

ಎಲ್ಲರೂ ಮಾಡುವ ತಪ್ಪು: ಕ್ಲ್ಯಾಂಪ್ ಮೀಟರ್‌ನಲ್ಲಿ ಲೋಡ್ ಆಂಪ್ಸ್‌ನಿಂದ ಖಾಲಿ ಆಂಪ್ಸ್ ಕಳೆಯುವುದು. ಖಾಲಿ ಮೋಟಾರಿನ ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ತುಂಬಾ ಕಡಿಮೆ, ಲೋಡ್‌ನಲ್ಲಿ ಅದು ಏರುತ್ತದೆ. ಆಂಪ್ಸ್ ಕಳೆದರೆ ಉತ್ತರ ಕೆಡುತ್ತದೆ. ಕಿಲೋವ್ಯಾಟ್‌ನಿಂದ ಕಿಲೋವ್ಯಾಟ್ ಕಳೆಯಿರಿ. ವೋಲ್ಟೇಜನ್ನೂ ನೋಡಿ. 415 ಇರಬೇಕಾದ್ದು 360ಕ್ಕೆ ಇಳಿದರೆ ಮೋಟಾರು ಕೊಡಬಲ್ಲ ಗರಿಷ್ಠ ಟಾರ್ಕ್ ಕಾಲು ಭಾಗ ಕಡಿಮೆಯಾಗುತ್ತದೆ. ಬ್ಲೇಡ್ ಸಿಕ್ಕಿಕೊಂಡರೆ ಬೈಯಬೇಕಾದ್ದು ಬ್ಲೇಡನ್ನಲ್ಲ.

ಒಣ ಕೊಯ್ತ ಬೇಡ. ಈ ಹಿಟ್ಟಿನಲ್ಲಿರುವ ಸಿಲಿಕಾ ಶ್ವಾಸಕೋಶದಲ್ಲಿ ಕೂತರೆ ಹೊರಗೆ ಬರುವುದಿಲ್ಲ. ನೀರು ಹರಿಸಿ, ಮಾಸ್ಕ್ ಹಾಕಿ. ಮುಖಕ್ಕೆ ಕಟ್ಟಿದ ಟವೆಲ್ ಮಾಸ್ಕ್ ಅಲ್ಲ.

## ಹಂತ 8: ಮೊದಲ ದಿನ ಸೈಟ್‌ನಲ್ಲಿ ತಾಳೆ ನೋಡಿ

ಹೈಡ್ರಾಲಿಕ್ ಚಕ್ರಕ್ಕೆ ಲೆಕ್ಕ ಸುಲಭ. ಕಿಲೋವ್ಯಾಟ್ = ಬಾರ್ × ನಿಮಿಷಕ್ಕೆ ಲೀಟರ್ ÷ 600. ಖಾಲಿ ಓಡುವಾಗ 30 ಬಾರ್, ಕೊರೆಯುವಾಗ 140 ಬಾರ್, ಎಣ್ಣೆ 60 ಲೀಟರ್ ಅಂದುಕೊಳ್ಳಿ. 110 × 60 ÷ 600 = 11. ಹೈಡ್ರಾಲಿಕ್ ಮೋಟಾರು ಮತ್ತು ಗೇರ್‌ನಲ್ಲಿ ಹೋಗುವುದನ್ನು ಕಳೆಯಲು 0.8ರಿಂದ ಗುಣಿಸಿದರೆ ಚಕ್ರಕ್ಕೆ ಸಿಕ್ಕಿದ್ದು 8.8. ಅದನ್ನು 0.8 ಘನ ಮೀಟರ್‌ನಿಂದ ಭಾಗಿಸಿದರೆ 11 ಯೂನಿಟ್. ನಮ್ಮ ಲೆಕ್ಕದ 6.2 ಮತ್ತು 11ರ ನಡುವೆ ಇರುವವರೆಗೂ ಚಿಂತೆ ಇಲ್ಲ.

ಆಮೇಲೆ ಯಂತ್ರ ನಿಲ್ಲಿಸಿ, ಎದ್ದ ಕಲ್ಲನ್ನು ಎರಡು ಕೈಯಲ್ಲಿ ಬೊಗಸೆ ತುಂಬಿಕೊಳ್ಳಿ. ಬೆರಳಿನ ನಡುವೆ ಸೋರಿದ ಮೇಲೂ ಹುಣಸೆ ಬೀಜಕ್ಕಿಂತ ದೊಡ್ಡ ಚಪ್ಪಟೆ ಚೂರುಗಳು ಕೈತುಂಬ ಉಳಿದರೆ ಕಚ್ಚು ಸರಿಯಾಗಿದೆ. ಬೊಗಸೆ ಖಾಲಿಯಾಗಿ ಅಂಗೈಗೆ ಬೂದಿ ಅಂಟಿದ್ದರೆ ಸುತ್ತು ಇಳಿಸಿ, ಇಲ್ಲವೇ ತಳ್ಳುವ ಬಲ ಏರಿಸಿ.

ಕಿವಿಯೂ ಹೇಳುತ್ತದೆ. ಟಕ್ ಟಕ್ ಎಂದು ಒಡೆಯುವ ಸದ್ದು ಒಳ್ಳೆಯದು. ಒಂದೇ ಸಮ ಕೀರಲು ಬಂದರೆ ಪಿಕ್ ಉಜ್ಜುತ್ತಿದೆ. ಸುತ್ತಿಗೊಮ್ಮೆ ಧಡಕ್ ಎಂದರೆ ಒಂದು ಪಿಕ್ ಮುರಿದಿದೆ, ಅದರ ಕೆಲಸ ಹಿಂದಿನದರ ಮೇಲೆ ಬಿದ್ದಿದೆ. ಹಾಗೇ ಓಡಿಸಿದರೆ ಅದೂ ಮುರಿಯುತ್ತದೆ.

ಯೂನಿಟ್ 11 ದಾಟಿ 15ರ ಕಡೆ ಹೊರಟರೆ ಚಕ್ರ ಎತ್ತಿ, ಪಿಕ್ ತುದಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಆರಿದ ಮೇಲೆ. ಪಿಕ್ ತನ್ನ ಹೋಲ್ಡರ್‌ನಲ್ಲಿ ಕೈಯಿಂದ ತಿರುಗಬೇಕು. ತಿರುಗದೆ ಮಣ್ಣು ಕಚ್ಚಿ ಕೂತಿದ್ದರೆ ಒಂದೇ ಬದಿ ಸವೆದು ಚಪ್ಪಟೆಯಾಗಿರುತ್ತದೆ. ಅದನ್ನು ಬಿಚ್ಚಿ, ತೊಳೆದು, ಚಪ್ಪಟೆ ಸಣ್ಣದಿದ್ದರೆ ಮತ್ತೆ ಹಾಕಿ. ಕಾರ್ಬೈಡ್ ತುದಿ ಹೋಗಿ ಉಕ್ಕು ಕಾಣುತ್ತಿದ್ದರೆ ಗುಜರಿಗೆ ಎಸೆದು ಹೊಸದು ಹಾಕಿ.